ಗೆಲುವಿಗೆ ಸಾಲದ ಮೇಲುಗೈ

ಚದುರಂಗದ ಆಟವೊಂದು ಡ್ರಾ ಆಯಿತೆಂದು ಪತ್ರಿಕೆಯಲ್ಲಿ ಓದಿದರೆ, ಅಲ್ಲಿ ವಿಶೇಷವೇನೂ ನಡೆದಿಲ್ಲವೆಂದು ನೀವು ಪುಟ ತಿರುಗಿಸಬಹುದು. ಆದರೆ 2000ದ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಪಟ್ಟದ ಸರಣಿಯ ಮೊದಲ ಆಟ ಅಂಥದ್ದಲ್ಲ. 1985ರಿಂದ ಚಾಂಪಿಯನ್ ಆಗಿದ್ದ ಗ್ಯಾರಿ ಕ್ಯಾಸ್ಪರೋವ್ ಬಿಳಿ ಕಾಯಿ ಹಿಡಿದಿದ್ದರು. ವ್ಲಾದಿಮಿರ್ ಕ್ರಾಮ್ನಿಕ್ ಕಪ್ಪು ಕಾಯಿಗಳಿಂದ 'ಬರ್ಲಿನ್ ರಕ್ಷಣೆ' ಎಂಬ ಹಳೆಯ ಆರಂಭವನ್ನು ಆರಿಸಿಕೊಂಡರು. 25 ನಡೆಗಳಲ್ಲಿ ಆಟ ಡ್ರಾ ಆಯಿತು.

ಈ ಆರಂಭದಲ್ಲಿ ಎಂಟನೆಯ ನಡೆಗೇ ಎರಡೂ ರಾಣಿಗಳು ಹಲಗೆಯಿಂದ ಹೊರಬೀಳುತ್ತವೆ. ಕಪ್ಪು ರಾಜ ಕೋಟೆ ಕಟ್ಟಿಕೊಳ್ಳುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಮೇಲ್ನೋಟಕ್ಕೆ ಬಿಳಿಗೇ ಲಾಭ. ಎಷ್ಟು ಲಾಭ? ಒಂದು ಪ್ರಯೋಗ ಮಾಡಿ ನೋಡೋಣ.

ಹಲಗೆಯ ಮೇಲೆ ಬಿಳಿ ಕಾಲಾಳುಗಳನ್ನು ಎ2, ಬಿ2, ಸಿ2, ಇ5, ಎಫ್2, ಜಿ2, ಎಚ್2 ಮನೆಗಳಲ್ಲಿಡಿ. ಕಪ್ಪು ಕಾಲಾಳುಗಳನ್ನು ಎ7, ಬಿ7, ಸಿ7, ಸಿ6, ಎಫ್7, ಜಿ7, ಎಚ್7ರಲ್ಲಿಡಿ. ಬಿಳಿ ರಾಜ ಜಿ1ರಲ್ಲಿ, ಕಪ್ಪು ರಾಜ ಡಿ8ರಲ್ಲಿ ಇರಲಿ. ಬೇರೆ ಕಾಯಿ ಬೇಡ. ರಾಜನ ಪಕ್ಕದಲ್ಲಿ ಬಿಳಿಯ ನಾಲ್ವರಿಗೆ ಕಪ್ಪಿನ ಮೂವರು ಎದುರು. ಅಲ್ಲಿ ಬಿಳಿಯ ಒಂದು ಕಾಲಾಳು ತಡೆಯಿಲ್ಲದೆ ಮುಂದೆ ಸಾಗಬಲ್ಲದು. ಇನ್ನೊಂದು ಪಕ್ಕದಲ್ಲಿ ಕಪ್ಪಿನವರೂ ನಾಲ್ವರೇ. ಆದರೆ ಅವರಲ್ಲಿ ಇಬ್ಬರು ಸಿ ಸಾಲಿನಲ್ಲಿ ಒಂದರ ಹಿಂದೊಂದು ನಿಂತಿರುವುದರಿಂದ, ಬಿಳಿಯ ಮೂವರೇ ಅವರನ್ನು ತಡೆಹಿಡಿಯಬಲ್ಲರು. ಆದ್ದರಿಂದ ಈ ಆಟ ಬಿಳಿಯದು.

ಈಗ ಉಳಿದ ಕಾಯಿಗಳನ್ನು ಮರಳಿ ಇಡಿ. ಎರಡೂ ಕಡೆ ಎರಡೆರಡು ಆನೆಗಳು. ಬಿಳಿಗೆ ಎರಡು ಕುದುರೆ, ಒಂದು ಒಂಟೆ. ಕಪ್ಪಿಗೆ ಒಂದು ಕುದುರೆ, ಎರಡು ಒಂಟೆ. ಚಿತ್ರವೇ ಬದಲಾಗುತ್ತದೆ. ರಾಣಿ ಇಲ್ಲದ್ದರಿಂದ ಕಪ್ಪು ರಾಜನಿಗೆ ದೊಡ್ಡ ಅಪಾಯವಿಲ್ಲ. ಒಂಟೆಗಳ ಜೋಡಿ ಎರಡೂ ಬಣ್ಣದ ಮನೆಗಳನ್ನು ಕಾಯುತ್ತದೆ. ಬಿಳಿ ತನ್ನ ಲಾಭವನ್ನು ನಗದು ಮಾಡಿಕೊಳ್ಳಬೇಕಾದರೆ ಕಾಯಿಗಳ ವಿನಿಮಯವಾಗಬೇಕು. ಅದಕ್ಕೆ ಕಪ್ಪು ಸುಲಭವಾಗಿ ಒಪ್ಪುವುದಿಲ್ಲ.

ಬಟ್ಟಲಿನ ತಳದಲ್ಲಿರುವ ಗೋಲಿಯನ್ನು ನೆನೆಯಿರಿ. ಮೆಲ್ಲಗೆ ತಳ್ಳಿದರೆ ಅದು ಸರಿಯುತ್ತದೆ, ಮತ್ತೆ ತಳಕ್ಕೇ ಬರುತ್ತದೆ. ಅಂಚು ದಾಟಲು ಒಂದು ಕನಿಷ್ಠ ಶಕ್ತಿ ಬೇಕು. ಬಿಳಿಯ ಮೇಲುಗೈ ನಿಜವಾದದ್ದೇ, ಆದರೆ ಅಂಚಿಗಿಂತ ಕಡಿಮೆ.

ಅದೇ ಸರಣಿಯ 3, 9 ಮತ್ತು 13ನೆಯ ಆಟಗಳಲ್ಲೂ ಕ್ರಾಮ್ನಿಕ್ ಬರ್ಲಿನ್ ಆಡಿದರು. ಎಲ್ಲವೂ ಡ್ರಾ! ಬಿಳಿ ಕಾಯಿ ಹಿಡಿದಾಗ ಎರಡು ಆಟಗಳನ್ನು ಗೆದ್ದ ಅವರು, ಒಂದನ್ನೂ ಸೋಲದೆ 8.5–6.5 ಅಂಕಗಳಿಂದ ಪಟ್ಟ ಪಡೆದರು. ಆ ಎರಡು ಗೆಲುವು ಉಳಿದುಕೊಂಡದ್ದು ಇಂಥ ಡ್ರಾಗಳಿಂದಲೇ ಅಲ್ಲವೇ?