ನೀರು ಕುಡಿದು ಬಿಗಿಯುವ ದಾರ

ಉತ್ತರ ಧ್ರುವದ ಅಂಚಿನ ಇನ್ಯುಯಿಟ್ ಜನ, ಅಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳ ಎಸ್ಕಿಮೊಗಳು, ಪ್ರಾಣಿಯ ನರದಿಂದ ಬಟ್ಟೆ ಹೊಲಿದುಕೊಂಡದ್ದು ಬೇರೆ ಗತಿಯಿಲ್ಲದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಾಂಸದ ಜೊತೆ ಬರುವ ವಸ್ತು ನೀರು ತಾಗಿದರೆ ಮೆತ್ತಗಾಗಿ ಕೊಳೆಯುತ್ತದೆ, ಒಳ್ಳೆಯ ನೂಲು ಸಿಕ್ಕಿದ್ದರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ ಎಂಬ ಊಹೆ ಇದರ ಹಿಂದಿದೆ. ಆ ನೆಲದಲ್ಲಿ ಹತ್ತಿ ಬೆಳೆಯದು, ನಾರಿನ ಗಿಡಗಳೂ ವಿರಳ. ಅಷ್ಟು ನಿಜ. ಆದರೆ ಆ ದಾರ ನೀರಿನಲ್ಲಿ ಸೋಲುತ್ತದೆ ಎಂಬ ತೀರ್ಮಾನ ತಪ್ಪು. ಒದ್ದೆಯಾದಾಗಲೇ ಅದರ ಅತ್ಯುತ್ತಮ ಗುಣ ಹೊರಬೀಳುತ್ತದೆ.

ಮೊದಲು ಆ ವಸ್ತು ಏನೆಂದು ನೋಡಬೇಕು. ನಾವು ಆಡುಮಾತಿನಲ್ಲಿ ನರ ಎಂದರೂ ಅದು ಮಿದುಳಿನ ಸಂದೇಶ ಒಯ್ಯುವ ನರವಲ್ಲ, ರಕ್ತನಾಳವೂ ಅಲ್ಲ. ಮಾಂಸಖಂಡವನ್ನು ಮೂಳೆಗೆ ಬಿಗಿದು ಹಿಡಿಯುವ ಬಿಳಿಯ ಕಟ್ಟು, ಸ್ನಾಯುರಜ್ಜು. ಕರುಳಿನ ತಂತಿಯೊಂದಿಗೂ ಇದನ್ನು ಬೆರೆಸಬಾರದು. ಹಿಂದೆ ಪಿಟೀಲಿಗೆ ಬಿಗಿಯುತ್ತಿದ್ದ ತಂತಿ ಕುರಿ, ಆಡುಗಳ ಕರುಳಿನದು. ಸ್ನಾಯುರಜ್ಜುವಿನಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತವೆ. ಅದಕ್ಕೇ ಅದನ್ನು ಉದ್ದುದ್ದಕ್ಕೆ ಸೀಳಿ ಕೂದಲಿನಷ್ಟು ತೆಳುವಾದ ಎಳೆ ತೆಗೆಯಬಹುದು. ಅಡ್ಡಕ್ಕೆ ಹರಿಯುವುದು ಮಾತ್ರ ಬಲು ಕಷ್ಟ.

ಬೇಯಿಸಿದರೆ ಹದವಾಗುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ, ಕೆಲಸವನ್ನು ಪೂರ್ತಿ ಕೆಡಿಸುವಂಥದ್ದು. ಕಾಲು ಸೂಪು ಮಾಡುವ ಮನೆಗಳಲ್ಲಿ ಇದಕ್ಕೆ ಸಾಕ್ಷಿಯಿದೆ: ಗಂಟೆಗಟ್ಟಲೆ ಕುದಿದ ಕಾಲಿನಲ್ಲಿ ಗಟ್ಟಿ ಕಟ್ಟುಗಳು ಕರಗಿ, ಸೂಪು ಆರಿದಾಗ ಅಂಟಂಟಾಗಿ ಗಟ್ಟಿಯಾಗುತ್ತದೆ. ಒದ್ದೆಯ ಸ್ನಾಯುರಜ್ಜು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೊಲಾಜನ್ನಿನ ಹೆಣಿಗೆ ಬಿಚ್ಚಿಕೊಂಡು ಮುದುಡುತ್ತದೆ. ಇನ್ನೂ ಬೇಯಿಸಿದರೆ ಅಂಟಾಗುತ್ತದೆ. ಆದ್ದರಿಂದ ಸಂಸ್ಕರಣೆಯೆಲ್ಲ ತಣ್ಣಗೇ ನಡೆಯುತ್ತದೆ. ಕ್ಯಾರಿಬೂ ಎಂಬ ಹಿಮಸಾರಂಗದ ಬೆನ್ನುಮೂಳೆಯ ಎರಡೂ ಬದಿಯಲ್ಲಿ ಮಾಂಸದ ಮೇಲೆ ಪಟ್ಟಿಯಂತೆ ಹರಡಿರುವ ಭಾಗವನ್ನು ಬಿಡಿಸಿ, ಉಲು ಎಂಬ ಅರ್ಧಚಂದ್ರದ ಕತ್ತಿಯಿಂದ ಮಾಂಸ, ಕೊಬ್ಬು ಕೆರೆದು, ಹರಡಿ ಒಣಗಿಸುತ್ತಾರೆ. ಬೇಕೆಂದಾಗ ಎಳೆ ಸೀಳಿ, ಬಾಯಲ್ಲಿ ತೇವ ಮಾಡಿ ಹೊಲಿಯುತ್ತಾರೆ. ಆ ದಾರಕ್ಕೆ ಅವರ ಮಾತಿನಲ್ಲಿ ಇವಲು ಎಂದು ಹೆಸರು. ಕಾಲಿನ ರಜ್ಜು ಗಿಡ್ಡ, ದುಂಡು. ಅದನ್ನು ಒಣಗಿಸಿ, ಮರದ ಕೊಡತಿಯಿಂದಲೋ ನುಣುಪು ಕಲ್ಲಿನಿಂದಲೋ ಜಜ್ಜಿ ಎಳೆ ಬಿಡಿಸಬೇಕು. ಚೂಪು ಅಂಚಿನ ಸುತ್ತಿಗೆ ಎಳೆಗಳನ್ನೇ ಕಡಿದುಹಾಕುತ್ತದೆ.

ಈಗ ನೀರಿನ ವಿಷಯ. ಸೀಲ್ ತೊಗಲಿನ ಬೂಟು ಅಥವಾ ಕಯಾಕ್ ದೋಣಿಯ ಹೊದಿಕೆಯಲ್ಲಿ ನೀರು ನುಗ್ಗುವುದು ತೊಗಲಿನ ಮೂಲಕವಲ್ಲ, ಸೂಜಿ ಮಾಡಿದ ತೂತಿನ ಮೂಲಕ. ತೇವಗೊಂಡ ಸ್ನಾಯುವಿನ ದಾರ ಉಬ್ಬಿ ಆ ತೂತನ್ನು ತುಂಬುತ್ತದೆ. ಹೊಲಿಯುವ ಹೆಂಗಸರ ಕೈಚಳಕವೂ ಇದಕ್ಕೆ ಜೊತೆಗೂಡುತ್ತದೆ. ಸೂಜಿ ಒಂದು ತೊಗಲಿನ ದಪ್ಪದಲ್ಲಿ ಅರ್ಧಕ್ಕೆ ಮಾತ್ರ ಇಳಿದು ಹೊರಬರುವಂತೆ, ಒಳಗೊಂದು ಹೊರಗೊಂದು ಸಾಲು ಹೊಲಿಯುವುದರಿಂದ ಆರಪಾರ ತೂತೇ ಉಳಿಯುವುದಿಲ್ಲ. ಪ್ರಾಣಿಯ ಮೈಯನ್ನೂ ತೊಗಲನ್ನೂ ಇಷ್ಟು ಚೆನ್ನಾಗಿ ಅರಿತವರ ಕೆಲಸವನ್ನು ಗತಿಗೇಡಿನ ಉಪಾಯ ಎನ್ನುವುದು ಅನ್ಯಾಯ.

ಸ್ನಾಯು ಬಳಸಿದ ಬಿಲ್ಲುಗಳು ಮಳೆಗೆ ಹಾಳಾಗುತ್ತಿದ್ದವಲ್ಲ ಎಂದು ಕೇಳಬಹುದು. ಆಕ್ಷೇಪಣೆ ಸರಿಯಾದದ್ದೇ. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಳೆಯ ಓಟ್ಜಿ ಎಂಬ ಮಾನವದೇಹದ ಬಳಿಯಿದ್ದ ಬತ್ತಳಿಕೆಯಲ್ಲಿ ಸ್ನಾಯುವಿನ ಹುರಿಯೂ ಇತ್ತು. ಅಂಥ ಹೆದೆ ನೆನೆದರೆ ಹಿಗ್ಗಿ ಸಡಿಲಾಗುತ್ತದೆ. ಮೊಗಲರ ಕಾಲದ ಸಂಯುಕ್ತ ಬಿಲ್ಲಿನ ಬೆನ್ನಿಗೆ ಸ್ನಾಯು, ಒಳಮೈಗೆ ಕೊಂಬು, ನಡುವೆ ಮರ. ಎಳೆದಾಗ ಮರ ಬಿರಿಯುವಷ್ಟು ಹಿಗ್ಗಿದರೂ ಸ್ನಾಯು ತಡೆಯುತ್ತದೆ, ಆದರೆ ಇವನ್ನು ಹಿಡಿದಿಟ್ಟ ಪ್ರಾಣಿಜನ್ಯ ಅಂಟು ನಮ್ಮ ಮಳೆಗಾಲದ ಥಂಡಿಯನ್ನು ತಾಳದು. ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ಬಳಕೆಗೆ ಬಂದುದಕ್ಕೆ ಇದನ್ನೊಂದು ಕಾರಣವಾಗಿ ಹೇಳುತ್ತಾರೆ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಬಿಲ್ಲಿಗೆ ಬೇಕಾದದ್ದು ಉದ್ದ ಬದಲಾಗದ ಬಿಗುವು, ಹೊಲಿಗೆಗೆ ಬೇಕಾದದ್ದು ತೂತು ಮುಚ್ಚುವ ಉಬ್ಬು.

ಹಾಗಾದರೆ ಇಂದು ಆರ್ಕ್ಟಿಕ್‌ನಲ್ಲೇ ಅನೇಕರು ಮೇಣ ಹಚ್ಚಿದ ಕೃತಕ ದಾರ, ಹಲ್ಲು ಶುಚಿಗೊಳಿಸುವ ದಾರ ಕೂಡ, ಬಳಸುವುದೇಕೆ? ಅದು ಅಂಗಡಿಯಲ್ಲಿ ಸಿಗುತ್ತದೆ, ಬೇಕಾದಷ್ಟು ಉದ್ದವಿರುತ್ತದೆ, ಹುಳ ಹಿಡಿಯುವುದಿಲ್ಲ. ಇವು ಸಣ್ಣ ಅನುಕೂಲಗಳಲ್ಲ. ಕರಕುಶಲ ಅಂಗಡಿಗಳಲ್ಲಿ ‘ಕೃತಕ ಸ್ನಾಯು’ ಎಂದು ಮಾರುವುದೂ ಇಂಥ ದಾರವನ್ನೇ. ಅದನ್ನು ನೋಡಿ ಅಸಲಿಯ ಗುಣ ಅಳೆಯಬಾರದು. ಪಾಲಿಯೆಸ್ಟರ್ ನೀರು ಕುಡಿಯುವುದು ಅತ್ಯಲ್ಪ, ಆದ್ದರಿಂದ ಉಬ್ಬಿ ತೂತು ಮುಚ್ಚುವುದೂ ಇಲ್ಲ. ಅದರಲ್ಲಿ ಹೊಲಿದ ಬೂಟಿನಲ್ಲಿ ನೀರನ್ನು ತಡೆಯುವ ಹೊಣೆಯೆಲ್ಲ ಸೂಜಿ ಹಿಡಿದ ಕೈಯ ಮೇಲೆ ಬೀಳುತ್ತದೆ.