ಹುಸಿಗೂ ಒಂದು ಹೊತ್ತು

ಇಸ್ಪೀಟಿನ ಆಟಗಳಲ್ಲಿ ಪೋಕರ್ ಮಾತಿನ ಕಲೆಗೆ ತೀರ ಹತ್ತಿರವಾದುದೆಂದು ನನ್ನ ಭಾವನೆ. ಪಗಡೆಯ ದಾಳ ಬಿದ್ದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಪೋಕರಿನಲ್ಲಾದರೋ ಕೈಯೊಳಗಿನ ಎಲೆ ಹಿಡಿದವನೊಬ್ಬನಿಗೇ ಗೊತ್ತು. ಉಳಿದವರು ಅವನು ಒಡ್ಡುವ ಪಣದಿಂದ ಅದನ್ನು ಊಹಿಸಬೇಕು. ಬರಿಗೈಯವನು ದೊಡ್ಡ ಪಣವೊಡ್ಡಿ, ಒಳ್ಳೆಯ ಎಲೆಯವನನ್ನು ಹೆದರಿಸಿ ಹಿಂದೆ ಸರಿಸುವುದಕ್ಕೆ ಬ್ಲಫ್ ಎಂದು ಹೆಸರು. ನಾನು ಅದನ್ನು ಹುಸಿ ಎಂದು ಕರೆಯುತ್ತೇನೆ. ಪಂದ್ಯಾವಳಿಯ ಮೊದಲ ಗಂಟೆಗಳಲ್ಲೇ ಧಾರಾಳವಾಗಿ ಹುಸಿಯಾಡುವುದು ಜಾಣತನವೇ ಎಂಬುದು ಇಲ್ಲಿಯ ಪ್ರಶ್ನೆ.

ಹುಸಿಯೇ ತಪ್ಪೆನ್ನುವಂತಿಲ್ಲ. ಗಣಿತಜ್ಞ ಜಾನ್ ಫಾನ್ ನಾಯ್‌ಮನ್ ಅವರು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡನೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಇದರ ವಿಚಾರವಿದೆ. ಅಲ್ಲಿ ಹುಸಿಗೆ ಎರಡು ಪ್ರಯೋಜನಗಳನ್ನು ಹೇಳಿದೆ. ದುರ್ಬಲನಾಗಿದ್ದಾಗ ಬಲಶಾಲಿಯಂತೆ ತೋರುವುದು ಒಂದು. ನಿಜವಾಗಿ ಬಲವಿದ್ದಾಗ ಎದುರಾಳಿ ಸಂಶಯಪಟ್ಟು ಪಣ ಕಟ್ಟುವಂತೆ ಮಾಡುವುದು ಇನ್ನೊಂದು. ಎಂದೂ ಹುಸಿಯಾಡದವನಿಗೆ ಅವನ ಸತ್ಯವೂ ಫಲ ಕೊಡದು.

ಇದರ ಲೆಕ್ಕವೂ ಸುಲಭ. ನಡುವೆ 100 ಸೇರಿದೆಯೆನ್ನೋಣ. ನಾನು 50 ಒಡ್ಡಿದರೆ ಎದುರಾಳಿ ಮೂರರಲ್ಲಿ ಒಂದು ಸಲ ಬಿಟ್ಟುಕೊಟ್ಟರೂ ನನಗೆ ನಷ್ಟವಿಲ್ಲ. 100 ಒಡ್ಡಿದರೆ ಎರಡರಲ್ಲಿ ಒಂದು ಸಲ ಬಿಡಬೇಕು. ಆದರೆ ಅವನು ಬಿಟ್ಟಾನೆಯೇ? ಎಲ್ಲವೂ ನಿಂತಿರುವುದು ಇದರ ಮೇಲೆ.

1970ರಲ್ಲಿ ಲಾಸ್ ವೇಗಾಸ್‌ನಲ್ಲಿ ಆರಂಭವಾದ ಪೋಕರ್ ವಿಶ್ವ ಸರಣಿಯನ್ನೇ ನೋಡೋಣ. 2023ರ ಮುಖ್ಯ ಪಂದ್ಯದಲ್ಲಿ ತಲೆಗೆ 10,000 ಡಾಲರ್ ತೆತ್ತು 10,043 ಮಂದಿ ಆಡಿದರು. ಬಹುಮಾನ ದೊರೆತದ್ದು 1,507 ಮಂದಿಗೆ ಮಾತ್ರ. ಒಬ್ಬೊಬ್ಬನಿಗೂ 60,000 ಬೆಲೆಯ ಬಿಲ್ಲೆಗಳು. ಮೊದಲ ಸುತ್ತಿನ ಕಡ್ಡಾಯ ಪಣಗಳಾದರೋ 100, 200ರಷ್ಟು ಸಣ್ಣವು. ಆಗ ಕದ್ದು ಗೆಲ್ಲುವುದು ಕೆಲವು ನೂರು; ಹಟಮಾರಿಯೊಬ್ಬನನ್ನು ಎಬ್ಬಿಸಲು ಒಡ್ಡಬೇಕಾದದ್ದು ಸಾವಿರಗಟ್ಟಲೆ. ಬಿಲ್ಲೆ ಮುಗಿದವನಿಗೆ ಮತ್ತೆ ಪ್ರವೇಶವಿಲ್ಲ. ಇನ್ನೊಂದು ಮಾತು: ಕಡೆಗೆ ಎಲ್ಲ ಬಿಲ್ಲೆಗಳೂ ಗೆದ್ದವನ ಮುಂದೆ ಬಂದು ಸೇರಿದರೂ, ಅವನಿಗೆ ಸಂದದ್ದು ಒಟ್ಟು ಬಹುಮಾನದ ಎಂಟರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬಿಲ್ಲೆ ಇಮ್ಮಡಿಯಾದರೆ ಅದರ ಬೆಲೆ ಇಮ್ಮಡಿಯಾಗುವುದಿಲ್ಲ. ಎಲ್ಲವೂ ಹೋದರೆ ಮಾತ್ರ ಎಲ್ಲವೂ ಹೋದಂತೆಯೇ.

ಮೊದಲೇ ಆರ್ಭಟಿಸಿದರೆ ದುಡುಕಿನವನೆಂಬ ಹೆಸರು ಬರುತ್ತದೆ, ಮುಂದೆ ನಿಜವಾದ ಎಲೆ ಬಂದಾಗ ಎಲ್ಲರೂ ಕೈಯಿಕ್ಕಿ ಕೆಡುತ್ತಾರೆ ಎಂಬ ವಾದವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಇಂಥ ದೊಡ್ಡ ಪಂದ್ಯದಲ್ಲಿ ಆಟಗಾರರು ಕಳೆದಂತೆಲ್ಲ ಮೇಜುಗಳನ್ನು ಒಡೆದು, ಉಳಿದವರನ್ನು ಬೇರೆಡೆ ಕೂರಿಸುತ್ತಾರೆ. ದುಬಾರಿ ಬೆಲೆಗೆ ಕೊಂಡ ಹೆಸರು ಹೊಸ ಮೇಜಿಗೆ ನಮ್ಮೊಡನೆ ಬರುವುದಿಲ್ಲ.

ಹುಸಿಯೆಂದರೆ ಒಂದು ಕಥೆ. ಒಂದೊಂದು ಪಣವೂ ಅದರ ಒಂದೊಂದು ವಾಕ್ಯ; ಹಿಂದಿನದಕ್ಕೆ ಮುಂದಿನದು ಹೊಂದಬೇಕು, ಕೇಳುವವನಿಗೆ ಅರ್ಥವಾಗಬೇಕು. ಮೊದಲ ಗಂಟೆಯಲ್ಲಿ ಕೇಳುಗನೇ ಸಿದ್ಧನಿರುವುದಿಲ್ಲ. ಅವನ ಮುಂದೆ ಬಿಲ್ಲೆಗಳ ರಾಶಿಯಿದೆ, ಮನಸ್ಸಿನಲ್ಲಿ ಕುತೂಹಲವಿದೆ. ಎದುರಿನವನ ಎಲೆ ನೋಡಿಯೇಬಿಡೋಣವೆಂದು ಪಣ ಕಟ್ಟುತ್ತಾನೆ. ಬಹುಮಾನದ ಗೆರೆ ಸಮೀಪಿಸಿದಾಗ ಅದೇ ಮನುಷ್ಯ ಉಗುರು ಕಚ್ಚುತ್ತ ಕೂರುತ್ತಾನೆ. ಹುಸಿಗೆ ಬೆಲೆ ಬರುವುದು ಆಗ.

2003ರಲ್ಲಿ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಆಡಿದ ಹುಸಿ ಇಂದಿಗೂ ಹೆಸರುವಾಸಿ. ಆಗ ಉಳಿದಿದ್ದವರು ಇಬ್ಬರೇ. ಅವನಿಗೆ ಒಂದು ಜೋಡಿಯೂ ಕೂಡಿರಲಿಲ್ಲ. ಆದರೂ ತನ್ನ ಸರ್ವಸ್ವವನ್ನೂ ಮುಂದೆ ತಳ್ಳಿದ. ಎದುರಿಗಿದ್ದ ಸ್ಯಾಮ್ ಫರ್ಹಾ ಒಂಬತ್ತರ ಜೋಡಿ ಹಿಡಿದೂ ಬಹಳ ಹೊತ್ತು ಯೋಚಿಸಿ ಎಲೆಗಳನ್ನು ಕೆಳಗಿಟ್ಟ. ಫರ್ಹಾ ಅನುಭವಸ್ಥ, ಬಿಡಬಲ್ಲವನು; ಆ ಕಥೆಗೆ ತಕ್ಕ ಕೇಳುಗ. ಮನಿಮೇಕರ್ ಗೆದ್ದದ್ದು 25 ಲಕ್ಷ ಡಾಲರ್.

ಹಾಗೆಂದು ಆರಂಭದಲ್ಲಿ ಮೌನವ್ರತ ಬೇಕಿಲ್ಲ. ಎದುರಿಗೆ ಒಬ್ಬನೇ ಇದ್ದು, ಅವನು ಯೋಚಿಸಿ ಆಡುವವನಾಗಿ, ನಮ್ಮ ಎಲೆಯೂ ಮುಂದೆ ಕೂಡಿಬರುವ ಸಂಭವವಿದ್ದರೆ ಸಣ್ಣ ಹುಸಿಯೊಂದನ್ನು ಆಡಬಹುದು. ಅವನು ನಂಬದಿದ್ದರೂ ಎಲೆ ಕೈಹಿಡಿದೀತು. ಉಳಿದ ವೇಳೆ ನೋಡುತ್ತ ಕೂರುವುದೇ ಕೆಲಸ: ಯಾರು ಅಂಜುವವರು, ಯಾರು ಹಟವಾದಿಗಳು, ಯಾರು ಬೇಸರಕ್ಕೆ ಆಡುವವರು ಎಂದು. ನಂಬುವವನಾರೆಂದು ತಿಳಿಯುವ ಮೊದಲೇ ಹೇಳಿದ ಸುಳ್ಳಿಗೆ ಕೂಲಿ ದೊರೆಯುವುದು ಅಪರೂಪ.