ಬಿಗಿಯಾಗಿದ್ದರೇ ಸರಿ

"ಅಂಕಲ್, ಪಿಸ್ಟನ್ ಮೇಲೆ ಹೋಗ್ತಾ ಕಚ್ಚಿಕೊಳ್ತಿದೆ. ಸ್ವಲ್ಪ ಎಮರಿ ಹೊಡೆದುಬಿಡಲಾ?"

ಹವ್ಯಾಸಿ ವಿಮಾನದ 6.5 ಸಿಸಿ ಟೂ ಸ್ಟ್ರೋಕ್ ಎಂಜಿನ್ನಿಗೆ ಹೊಸ ಪಿಸ್ಟನ್, ಲೈನರ್ ಹಾಕಿದ ಹುಡುಗರು ಮೊದಲು ಕೇಳುವುದೇ ಇದನ್ನು. ಟೂಲ್‌ರೂಮಿನಲ್ಲೇ ತಲೆ ನರೆಸಿಕೊಂಡ ನನ್ನ ಉತ್ತರ ಒಂದೇ: ಆ ಎಮರಿ ಮೊದಲು ಒಳಗಿಡಪ್ಪ.

ಬೈಕಿನ ಎಂಜಿನ್ ಬಿಚ್ಚಿ ಗೊತ್ತಿರುವವರಿಗೆ ಪಿಸ್ಟನ್ನಿಗೂ ಬೋರಿಗೂ ನಡುವೆ ಸಂದು ಇರಲೇಬೇಕು. ಅದನ್ನು ಮುಚ್ಚಲು ಅಲ್ಲಿ ರಿಂಗ್ ಇದೆ. ಎಬಿಸಿ ಮಾದರಿಯ ಈ ಪುಟ್ಟ ಎಂಜಿನ್ನಿನಲ್ಲಿ ರಿಂಗೇ ಇಲ್ಲ. ಅಲ್ಯುಮಿನಿಯಂ ಪಿಸ್ಟನ್, ಹಿತ್ತಾಳೆ ಲೈನರ್, ಲೈನರಿನ ಒಳಮೈಗೆ ಕ್ರೋಮ್. ಬೋರು ಮೇಲೆ ಹೋದಂತೆ ತುಸುವೇ ಕಿರಿದಾಗುತ್ತದೆ. ಓಡುವಾಗ ಹೆಚ್ಚು ಕಾಯುವುದೂ ಆ ಮೇಲ್ತುದಿಯೇ. ಹಿತ್ತಾಳೆ ಹಿಗ್ಗಿ ಬಿಗಿ ಸಡಿಲಾಗುತ್ತದೆ. ಪಿಸ್ಟನ್ನಿನದು ಸಿಲಿಕಾನ್ ಹೆಚ್ಚಿರುವ ಅಲ್ಯುಮಿನಿಯಂ, ಮಾಮೂಲಿಯಷ್ಟು ಹಿಗ್ಗುವುದಿಲ್ಲ. ತಣ್ಣಗಿದ್ದಾಗ ಕೀಚ್ ಎನ್ನುವುದು ಅದಕ್ಕೇ. ಉಜ್ಜಿದರೆ ಕೈಗೆ ಸಲೀಸು, ಕಾದ ಮೇಲೆ ಕಂಪ್ರೆಷನ್ ಸೊನ್ನೆ. ತೀರಾ ಬಿಗಿಯಿದ್ದರೆ ಹೇರ್ ಡ್ರೈಯರ್ ಹಿಡಿದು ಬಿಸಿಮಾಡಿ ತಿರುಗಿಸಿ. ಕನೆಕ್ಟಿಂಗ್ ರಾಡ್ ಬದುಕುತ್ತದೆ.

ನಾವು ಕೂರಿಸಬೇಕಾದ ಸಂದು ಬೇರೆ: ಪಿಸ್ಟನ್ ತುತ್ತತುದಿಗೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವಿನದು. ಇಲ್ಲಿ ಸ್ಪಾರ್ಕ್ ಇಲ್ಲ. ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿ ಇಂಧನದ ಮೆಥನಾಲಿನಿಂದಾಗಿ ಕೆಂಪಗೇ ಉಳಿಯುತ್ತದೆ. ಯಾವಾಗ ಹೊತ್ತಬೇಕೆಂಬುದು ಬಹುಮಟ್ಟಿಗೆ ಕಂಪ್ರೆಷನ್ನಿನ ಕೈಯಲ್ಲಿ. ಸಂದು ಕಡಿಮೆಯಾದರೆ ಬೇಗ ಹೊತ್ತಿ ಪ್ಲಗ್ ಹಾರುತ್ತದೆ. ಹೆಚ್ಚಾದರೆ ದಮ್ಮಿಲ್ಲ.

ಅಳೆಯಲು ದುಬಾರಿ ಉಪಕರಣ ಬೇಡ, ಬೆಸುಗೆ ಹಾಕುವ ಮೆತ್ತನೆಯ ಸೋಲ್ಡರ್ ತಂತಿ ಸಾಕು. ಹೆಡ್ ತೆಗೆದು, ಪಿಸ್ಟನ್ ಅಂಚಿನಲ್ಲಿ ಎದುರುಬದುರಾಗಿ ಎರಡು ತುಂಡನ್ನು ಗ್ರೀಸ್ ಹಚ್ಚಿ ಅಂಟಿಸಿ. ಪಿಸ್ಟನ್ ಪಿನ್ನಿನ ಎರಡು ತುದಿಗಳ ನೇರಕ್ಕೇ ಇಡಬೇಕು. ಇಲ್ಲದಿದ್ದರೆ ಪಿಸ್ಟನ್ ಓಲಾಡಿ ಲೆಕ್ಕ ಕೆಡುತ್ತದೆ. ಹೆಡ್ ಪೂರ್ತಿ ಬಿಗಿದು, ಪ್ರೊಪೆಲ್ಲರ್ ಹಿಡಿದು ನಿಧಾನಕ್ಕೆ ಒಂದು ಸುತ್ತು ದಾಟಿಸಿ. ಮತ್ತೆ ಬಿಚ್ಚಿ, ಜಜ್ಜಿಹೋದ ತಂತಿಯನ್ನು ಮೈಕ್ರೋಮೀಟರಿಗೆ ಕೊಡಿ. ಈ ಗಾತ್ರದ ಎಂಜಿನ್ನಿಗೆ 0.4ರಿಂದ 0.5 ಮಿಲಿಮೀಟರ್ ಬಂದರೆ ನನಗೆ ಸಮಾಧಾನ. ಎರಡು ತುಂಡುಗಳಲ್ಲಿ ವ್ಯತ್ಯಾಸ ಕಂಡರೆ ಶಿಮ್ (ಹೆಡ್ಡಿನಡಿ ಇಡುವ ತೆಳು ಬಿಲ್ಲೆ) ಮುಟ್ಟುವ ಮೊದಲು ಹೆಡ್ ಕೆಳಗೆ ಕಸವಿದೆಯೇ ನೋಡಿ. ಹೆಚ್ಚುಕಡಿಮೆ ಸರಿಪಡಿಸಲು 0.1 ಮಿಲಿಮೀಟರಿನ ಶಿಮ್ ಸಿಗುತ್ತವೆ.

ಇಂಧನಕ್ಕೆ ನೈಟ್ರೋಮೀಥೇನ್ ಬೆರೆಸುವವರು ಸಂದು ತುಸು ಹೆಚ್ಚಿಸಬೇಕು. ಬರೀ ಮೆಥನಾಲ್, ಹರಳೆಣ್ಣೆಯಲ್ಲಿ ಹಾರಿಸುವವರು ಕಡಿಮೆಗೆ ಧೈರ್ಯ ಮಾಡಬಹುದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಒಂದು ಶಿಮ್ ತೆಗೆದರೂ ನಡೆದೀತು. ಅದೇ ಎಂಜಿನ್ ಮಂಗಳೂರಿಗೆ ಒಯ್ಯುವಾಗ ಮಾತ್ರ ಅದನ್ನು ಮತ್ತೆ ಹಾಕಿಕೊಂಡೇ ಹೊರಡಿ.